ಪ್ಯಾರಿಸ್ ನೋಡಿ ಬರುತ್ತಿದ್ದ ವಿಜಾಪುರದ ಆಂಟಿ

ಹೋದ ವಾರ ಇಲ್ಲಿ ಮಿಷಿಗನ್ನಿನ ಕ್ಯಾಂಟನ್ ಊರಿನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತ ಹೆಂಗಸಿನ ಕೋಟಿನಿಂದ ಲವಂಗ ಮತ್ತು ನುಸಿಗುಳಿಗೆಯ ವಾಸನೆ ಬಂತು. ಚಳಿ ಶುರುವಾಗಿತ್ತು, ಎಲ್ಲರೂ ಪೆಟ್ಟಿಗೆಯಿಂದ ಕೋಟು ತೆಗೆದಿದ್ದರು. ಆದರೆ ನುಸಿಗುಳಿಗೆಯ ಜೊತೆ ನಾಲ್ಕು ಲವಂಗವನ್ನೂ ಕೋಟಿನ ಜೇಬಿಗೆ ಹಾಕಿಡುತ್ತಿದ್ದವರನ್ನು ನಾನು ಒಬ್ಬರನ್ನೇ ಕಂಡಿದ್ದು... ಪಕ್ಕದೂರು ಪ್ಲಿಮತ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ವಿಜಾಪುರದ ಆಂಟಿ.

ಅದು ತೊಂಬತ್ತರ ದಶಕದ ಕೊನೆ. ನಾನು ಮೈಸೂರಿನ ಕಾಲೇಜೊಂದರಲ್ಲಿ ಮೂರು ವರ್ಷ ಯುರೋಪಿನ ಇತಿಹಾಸ ಪಾಠ ಮಾಡಿ, ಮದುವೆಯಾಗಿ ಮಿಷಿಗನ್‌ಗೆ ಬಂದಿದ್ದೆ. ಗಂಡನ ವೀಸಾದ ಬಾಲ ಹಿಡಿದು ಬಂದವಳು ಕೆಲಸ ಮಾಡುವ ಹಾಗಿರಲಿಲ್ಲ. ಬೆಳಿಗ್ಗೆ ಅವರು ಕಾರು ಹತ್ತಿ ಹೋದರೆ ಸಂಜೆಯವರೆಗೆ ನಾನು, ಕಿಟಕಿ, ಪಾರ್ಕಿಂಗ್ ಲಾಟು. ಆಂಟಿಯ ಯಜಮಾನರು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರು. ಅದರ ಹೆಡ್ಡಾಫೀಸು ಪ್ಯಾರಿಸ್ಸಿನಲ್ಲಿತ್ತು. ಪ್ರತಿ ಅಕ್ಟೋಬರಿನಲ್ಲಿ ಒಂದು ವಾರ ಅಲ್ಲಿ ಮೀಟಿಂಗು. ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ್ದರಿಂದ ಆಂಟಿಯೂ ಜೊತೆಗೆ ಹೊರಡುತ್ತಿದ್ದರು. ಅಂಕಲ್ ಮೀಟಿಂಗಿನಲ್ಲಿದ್ದರೆ ಇವರು ಒಬ್ಬರೇ ತಲೆಗೆ ಸೆರಗು ಹೊದ್ದು, ಅದೇ ಕೋಟು ಹಾಕಿಕೊಂಡು, ಊರೆಲ್ಲ ಸುತ್ತುತ್ತಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೇ, ಫ್ರೆಂಚಂತೂ ಕೇಳಲೇಬೇಡಿ.

ನಕ್ಷೆಯ ಮೇಲೆ ಬೆರಳಿಟ್ಟು ನಾನು ಎಷ್ಟೋ ಸಲ ತರಗತಿಗೆ ತೋರಿಸಿದ ಊರು ಅದು. ಯಾವ ಲೂಯಿ ಯಾವಾಗ ಪಟ್ಟಕ್ಕೆ ಬಂದ, ಯಾವ ಚೌಕದಲ್ಲಿ ಯಾರ ತಲೆ ಹಾರಿತು, ಎಲ್ಲ ನನಗೆ ಬಾಯಿಪಾಠ. ಕಣ್ಣಾರೆ ನೋಡುವ ಯೋಗ ಮಾತ್ರ ಇವರಿಗೆ! ನನ್ನ ಸಂಕಟಕ್ಕೆ ಸ್ವಲ್ಪ ಮರ್ಯಾದೆಯ ಹೆಸರು ಹುಡುಕಿ ನೋಡಿದೆ, ಸಿಗಲಿಲ್ಲ. ಅದು ಹೊಟ್ಟೆಕಿಚ್ಚೇ. ಊರಿಗೆ ಹೋಗುವಾಗ ನಾವೂ ಪ್ಯಾರಿಸ್ಸಿನಲ್ಲಿ ಎರಡು ದಿನ ಇಳಿಯೋಣ ಎಂದು ಗಂಡನಿಗೆ ಗಂಟುಬಿದ್ದೆ. ಗ್ರೀನ್ ಕಾರ್ಡ್ ಬರಲಿ, ಈಗ ಇನ್ನೊಂದು ವೀಸಾದ ತಲೆನೋವು ಬೇಡ ಎಂದರು.

ಪ್ಯಾರಿಸ್ಸಿನಿಂದ ಬಂದ ವಾರವೇ ಆಂಟಿ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಮಾಂಸ ತಿನ್ನದ ನನಗೆಂದೇ ಬೇರೆ ಇಟ್ಟಿದ್ದ ಬಾಣಲೆಯಲ್ಲಿ ಬದನೆಕಾಯಿ ಎಣ್ಣೆಗಾಯಿ, ಜೊತೆಗೆ ಜೋಳದ ರೊಟ್ಟಿ. ಊಟವಾದ ಮೇಲೆ ತೊಳೆಸಿ ತಂದ ಫೋಟೊಗಳು, ಮ್ಯೂಸಿಯಮ್ಮಿನ ಕಾಗದಗಳು ಮೇಜಿನ ಮೇಲೆ ಹರಡಿಕೊಳ್ಳುತ್ತಿದ್ದವು. ತಾವು ಏನು ನೋಡಿ ಬಂದಿದ್ದೇವೆಂದು ಅವರಿಗೆ ಗೊತ್ತಾಗುತ್ತಿದ್ದದ್ದೇ ಆಗ, ನನ್ನ ಬಾಯಿಂದ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಆದರೂ ನನ್ನನ್ನು ‘ಅಕ್ಕೋರ’ ಎನ್ನುತ್ತಿದ್ದರು. ಅವರ ಕಡೆ ಟೀಚರಮ್ಮನಿಗೆ ಹಾಗನ್ನುತ್ತಾರೆ.

“ಅಕ್ಕೋರ, ಇವ ಯಾವ ರಾಜಾ ಅದಾನ? ಕೂದಲಾ ನೋಡಿದ್ರ ಹೆಣಮಗಳಂಗ ಕಾಣ್ತಾನ.”

ನಾನು ಹೇಳುತ್ತಿದ್ದೆ, ಅವರು ತಲೆಯಾಡಿಸಿ ಕೇಳುತ್ತಿದ್ದರು. ಎಷ್ಟು ದೊಡ್ಡ ಗುಮ್ಮಟ ನೋಡಿ ಬಂದರೂ ಗೋಲಗುಮ್ಮಟದ ಮುಂದೆ ಅವರಿಗೆ ಅದು ಏನೂ ಅಲ್ಲ. ಯಾವುದೋ ಇಗರ್ಜಿಯ ಗುಮ್ಮಟದ ಕೆಳಗೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿ, ಎಷ್ಟು ಸಲ ಮಾರ್ದನಿ ಬರುತ್ತದೆಂದು ಎಣಿಸಹೋಗಿ ಕಾವಲುಗಾರನಿಂದ ಬೈಸಿಕೊಂಡು ಬಂದಿದ್ದರು. ಇನ್ನೊಂದು ವರ್ಷ, ನಾನು ಬಣ್ಣಿಸಿದ್ದ ಬಾಸ್ಟೀಲ್ ಸೆರೆಮನೆಯನ್ನು ಹುಡುಕಿಕೊಂಡು ಹೋದರಂತೆ. ಅಲ್ಲಿ ಸೆರೆಮನೆಯೇ ಇಲ್ಲ, ಒಂದು ಉದ್ದನೆಯ ಕಂಬ, ಸುತ್ತ ಬರೀ ಕಾರು. ಮೂರು ವರ್ಷ ಅದರ ಪತನದ ಪಾಠ ಮಾಡಿದ ನನಗೆ ಅಲ್ಲೀಗ ಏನಿದೆ ಎಂಬುದೇ ಗೊತ್ತಿರಲಿಲ್ಲ. ಅವರೇನೋ ನಗುತ್ತಾ ಹೇಳಿದರು, ನನಗೆ ಮೈಯೆಲ್ಲ ಉರಿಯಿತು.

ಮಾರನೇ ವರ್ಷ ಅಂಕಲ್‌ಗೆ ನಿವೃತ್ತಿ. ಅದೇ ಕೊನೆಯ ಪ್ಯಾರಿಸ್ ಪ್ರಯಾಣ, ಆಮೇಲೆ ಪುಣೆಯ ಮಗನ ಮನೆಗೆ. ಹೊರಡುವ ಮೊದಲು ಆಂಟಿ ಮೇಲೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು. ಈ ಸಲ ದಿನವೂ ಬೀಳ್ಕೊಡುಗೆಯ ಊಟಗಳಿವೆ, ಮಂಗಳವಾರ ಒಂದೇ ಬಿಡುವು ಎಂದರು. ಅರಮನೆಯನ್ನೇ ಮ್ಯೂಸಿಯಂ ಮಾಡಿದ್ದಾರಲ್ಲ, ಅದರ ಕಾಗದವನ್ನು ನನ್ನ ಮುಂದೆ ಬಿಡಿಸಿಟ್ಟರು.

“ಅಕ್ಕೋರ, ಇದರಾಗ ನಿಮಗ ಎಲ್ಲಕ್ಕಿಂತ ಯಾವುದು ನೋಡಬೇಕು ಅನಸ್ತದ?”

ಅಣಕಿಸುತ್ತಿದ್ದಾರೆ ಎನಿಸಿತು. ನೋಡಲಾಗದವಳನ್ನು ಕೂರಿಸಿಕೊಂಡು ಇದೆಂಥ ಪ್ರಶ್ನೆ? ತಲೆಯಿಲ್ಲದ, ರೆಕ್ಕೆ ಬಿಚ್ಚಿ ನಿಂತ ಕಲ್ಲಿನ ಹೆಂಗಸು, ಮೆಟ್ಟಿಲ ಮೇಲೆ ಇದೆ ಎಂದೆ. ಯಾವ ಬಾಗಿಲಿಂದ ಒಳಗೆ ಹೋಗಬೇಕು, ಎಲ್ಲಿ ತಿರುಗಬೇಕು, ಎಲ್ಲ ಚೆನ್ನಾಗಿಯೇ ತೋರಿಸಿದೆ. ತೋರಿಸುವಾಗಲೇ ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದ ಸಾಲು ಕಣ್ಣಿಗೆ ಬಿತ್ತು. ಮಂಗಳವಾರ ರಜೆ.

ನಾನು ಹೇಳಲಿಲ್ಲ. ಮರೆತೆನೆಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಆದರೆ ಮರೆತಿರಲಿಲ್ಲ. ಒಂದು ದಿನವಾದರೂ ಅವರೂ ಹೊರಗೆ ನಿಲ್ಲಲಿ ಎಂದುಕೊಂಡೆ.

ಅವರು ಬಂದ ಮೇಲೆ ಊಟಕ್ಕೆ ಕರೆದರು. ನಾನು ಒಳಗೊಳಗೇ ಹಿಗ್ಗುತ್ತಲೇ ಕೆಳಗಿಳಿದೆ. ತುಂತುರು ಮಳೆಯಲ್ಲಿ ಎರಡು ಗಂಟೆ ನಿಂತಿದ್ದರಂತೆ, ಬಾಗಿಲು ತಡವಾಗಿ ತೆಗೆಯುತ್ತಾರೇನೋ ಎಂದುಕೊಂಡು. ಮೂಗು ಇನ್ನೂ ಕೆಂಪಗಿತ್ತು, ದನಿ ಕಟ್ಟಿತ್ತು. ಕಾಗದ ಓದದೆ ಹೋಗಿದ್ದಕ್ಕೆ ಅಂಕಲ್ ನನ್ನೆದುರೇ ಇನ್ನೊಮ್ಮೆ ರೇಗಿದರು.

“ನಾ ಆ ಮ್ಯೂಸಿಯಂ ಎರಡು ಸರ್ತಿ ನೋಡೀನಲ್ರಿ,” ಎಂದು ಆಂಟಿ ನನ್ನ ಕಡೆ ತಿರುಗಿದರು. “ನಿಮ್ಮ ರೆಕ್ಕಿ ಹೆಣಮಗಳ ಫೋಟೊ ತಂದು, ಚೌಕಟ್ಟ ಹಾಕಿಸಿ ನಿಮಗ ಕೊಟ್ಟು ಹೋಗಬೇಕಂತ ಮಾಡಿದ್ದೆ.”

ಆಮೇಲೆ ಅಂಕಲ್‌ಗೆ ಹೇಳಿದರು: “ಅಕ್ಕೋರಿಗೂ ಅದು ಕಂಡಿರಲಿಕ್ಕಿಲ್ಲ ಬಿಡ್ರಿ. ಕಂಡಿದ್ರ ಹೇಳತಿದ್ದಿಲ್ಲೇನು?”

ನಾನು ರೊಟ್ಟಿ ಮುರಿಯುತ್ತಾ ಕೂತಿದ್ದೆ. ಡಿಸೆಂಬರಿನಲ್ಲಿ ಅವರು ಪುಣೆಗೆ ಹೋದರು. ಎರಡು ಸಲ ಫೋನ್ ಮಾಡಿದೆ. ಹೇಳಬೇಕೆಂದೇ ಮಾಡಿದ್ದೆ, ಆದರೆ ಚಳಿ, ಮಂಡಿನೋವು, ಮೊಮ್ಮಕ್ಕಳ ಮಾತಿನಲ್ಲೇ ಫೋನ್ ಕಾರ್ಡಿನ ನಿಮಿಷಗಳು ಮುಗಿದವು... ನಾಲ್ಕು ವರ್ಷದ ಮೇಲೆ ಅಂಕಲ್ ತಾವಾಗಿಯೇ ಫೋನ್ ಮಾಡಿ, ಆಂಟಿ ಹೋಗಿಬಿಟ್ಟರೆಂದು ತಿಳಿಸಿದರು.

ನನ್ನ ಪ್ಯಾರಿಸ್ಸೂ ಕೊನೆಗೆ ಬಂತು, ಎರಡು ಸಾವಿರದ ಏಳರಲ್ಲಿ. ಗುರುವಾರ ನೋಡಿಕೊಂಡೇ ಆ ಮ್ಯೂಸಿಯಮ್ಮಿಗೆ ಹೋದೆವು. ಮೆಟ್ಟಿಲ ಮೇಲೆ ಅವಳು ನಿಂತಿದ್ದಳು, ನಾನು ಪುಸ್ತಕದಲ್ಲಿ ಕಂಡದ್ದಕ್ಕಿಂತ ಎಷ್ಟೋ ದೊಡ್ಡದಾಗಿ. ಆಂಟಿಗೆ ಆ ಮಂಗಳವಾರ ಕಾಣಸಿಗದ್ದನ್ನು ನಾನು ನೋಡಿದ್ದೆ, ಖುಷಿಯಾಗಬೇಕಿತ್ತು. ಗಂಡ ಕ್ಯಾಮೆರಾ ಹಿಡಿದು ನಗು ಎಂದರು, ಬೇಡ ಎಂದೆ.

ಅಂಗಡಿಯ ಆ ಹೆಂಗಸು ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದಳು. ನಾನು ಸಾಮಾನು ತಂದು ಕಾರಿನಲ್ಲಿ ಗಂಡನ ಪಕ್ಕ ಕೂತೆ. ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು ತಾನಾಗಿ ಬಾಯಿಗೆ ಬಂತು.

“ಮಂಗಳವಾರ ರಜೆ ಅಂತ ನಂಗೆ ಗೊತ್ತಿತ್ತು ಕಣ್ರೀ.”

“ಯಾವ್ದಕ್ಕೆ? ಈ ಅಂಗಡಿಗಾ?” ಎಂದರು ಗಂಡ, ಕಾರು ಹಿಂದಕ್ಕೆ ತೆಗೆಯುತ್ತಾ.

“ಹೂಂ,” ಎಂದೆ.