ಸೂಜಿಯ ಭಾರ

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಮೊದಲು ಮೂಗಿಗೆ ಬಂದದ್ದು ಹತ್ತಿಯ ಧೂಳು. ಅದರ ಹಿಂದೆಯೇ ಮಗ್ಗದ ಎಣ್ಣೆ, ಹಳೆಯ ರೆಕ್ಸಿನ್ನು, ಯಾವುದೋ ಕಾಲದ ಕರ್ಪೂರದ ತುಣುಕು. ಹೊರಗೆ ಕೊಯಮತ್ತೂರಿನ ಆರ್.ಎಸ್. ಪುರಂನ ನಮ್ಮ ಬೀದಿಯಲ್ಲಿ ಇಬ್ಬರು ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಡುತ್ತಿದ್ದರು. ನಾನು ಮಾತ್ರ ಪಲ್ಲಡದ ನಮ್ಮ ಮನೆಯ ನಡುಮನೆಯಲ್ಲಿ ಕೂತಿದ್ದೆ. ಆ ಮನೆ ಈಗ ಇಲ್ಲ, ಅಲ್ಲೊಂದು ಕೋಳಿ ಮೇವಿನ ಗೋದಾಮು ಇದೆ. ಅಪ್ಪ ಹೋಗಿ ಆರು ವರ್ಷವಾಯಿತು. ಅವರ ರೆಕಾರ್ಡ್ ಪ್ಲೇಯರ್ ಅಂದಿನಿಂದ ನನ್ನ ಬೀರುವಿನ ಮೇಲೆ ಕೂತಿತ್ತು. ನಿಮ್ಮ ಮನೆಯಲ್ಲೂ ಹೀಗೆ ತೆಗೆಯದೆ ಇಟ್ಟ ಪೆಟ್ಟಿಗೆಯೊಂದು ಇರಬಹುದು. ತೆಗೆಯದಿರಲು ಕಾರಣ ಧೂಳಲ್ಲ ಎಂಬುದು ನಿಮಗೂ ಗೊತ್ತಿರುತ್ತದೆ.

ತೆಗೆಸಿದವಳು ಅತ್ತೆ, ಅಪ್ಪನ ತಂಗಿ. ಕಾರಮಡೈಯಲ್ಲಿ ಬಾಳೆತೋಟದ ನಡುವೆ ಇರುವವಳು, ಎಂಬತ್ತರ ಹತ್ತಿರದವಳು. ಅವಳ ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. ಫೋನಿನಲ್ಲಿ ಅವಳು ನೇರವಾಗಿ ವಿಷಯಕ್ಕೆ ಬಂದಳು. "ಕಣ್ಣು, ಅವ್ವನ ಸೋಬಾನೆ ತಟ್ಟು ನಿನ್ ತಾವೇ ಐತಲ್ಲ? ನಂಗೆ ಮೂರನೇ ಸೊಲ್ಲು ಮರ್ತೋಯ್ತು. ಈ ಹುಡ್ಗೀರ್‍ಗೆ ಒಂದೂ ತೆರಿಯಾದು. ಒಂದ್ ತಡವೆ ಕೇಳ್ಸು, ನಾ ಹಿಡ್ಕತೀನಿ." ತಟ್ಟು ಅಂದರೆ ನಮ್ಮವರ ಬಾಯಲ್ಲಿ ರೆಕಾರ್ಡಿನ ತಟ್ಟೆ, ತೆರಿಯಾದು ಅಂದರೆ ಗೊತ್ತಿಲ್ಲ. ಅದು ಹಾಳಾಗಿದೆ ಅತ್ತೆ ಎಂದೆ. "ಹಾಳಾದ್ದೇ ಹಾಕು" ಎಂದಳು.

ಆ ತಟ್ಟೆಯ ಕಥೆ ಸಣ್ಣದು. ನಾನು ಎಂಟೊಂಬತ್ತು ವರ್ಷದವಳಿದ್ದಾಗ ಕೊಯಮತ್ತೂರಿನಿಂದ ಧ್ವನಿಮುದ್ರಣದವನೊಬ್ಬ ಬಂದು, ಈ ಕಡೆಯ ಕನ್ನಡದವರ ಮದುವೆ ಹಾಡುಗಳನ್ನು ಹಿಡಿದುಕೊಂಡು ಹೋದ. ಅವ್ವ, ಅಂದರೆ ಅಪ್ಪನ ತಾಯಿ, ಮೈಕಿನ ಮುಂದೆ ಕೂತು ಮೂರು ಸೊಲ್ಲು ಹಾಡಿದಳು. ಎಲೆಯಡಿಕೆ ಉಗಿದು ಬಾ ಎಂದು ಅವನು ಹೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ತೊಡೆಯ ಮೇಲೆ ತಾಳ ಹಾಕುತ್ತ ಹಾಡಿದಳು. ಅವಳ ಗಾಜಿನ ಬಳೆಗಳ ಸದ್ದು ಹಾಡಿನ ಜೊತೆಗೇ ತಟ್ಟೆಗೆ ಇಳಿಯಿತು. ಬಳೆ ತೆಗೆದು ಇನ್ನೊಮ್ಮೆ ಹಾಡಲು ಕೇಳಿದನಂತೆ. "ನಾ ಏನು ಅರ್ತವಳಾ?" ಎಂದು ಅವ್ವ ಎದ್ದೇಬಿಟ್ಟಳು. ಅರ್ತವಳು ಎಂದರೆ ತಾಳಿ ಹರಿದವಳು, ವಿಧವೆಯರಿಗೆ ಬೈಯುವ ಮಾತು. ತಾತ ಹೋದಾಗ, ಗಂಡ ಸತ್ತವಳು ಬಳೆ ಹಾಕುವುದು ಸಲ್ಲದೆಂದು ಊರು ಹೇಳಿದಾಗಲೂ ಕೇಳದವಳು, ಮೈಕಿನವನ ಮಾತು ಕೇಳುತ್ತಾಳೆಯೇ. ಕೆಲವು ತಿಂಗಳ ಮೇಲೆ ಒಂದು ತಟ್ಟೆ ನಮ್ಮ ಮನೆಗೂ ಬಂತು. ಅಪ್ಪ ಅದಕ್ಕಾಗಿಯೇ ಯಾರೋ ಬಳಸಿ ಬಿಟ್ಟ ಪ್ಲೇಯರ್ ತಂದರು.

ನಮ್ಮ ನಡುಮನೆಯ ಗೋಡೆಯ ಆಚೆಗೆ ನಾಲ್ಕು ಪವರ್‌ಲೂಮ್ ಮಗ್ಗಗಳು. ಅವು ಓಡುವಾಗ ಲೋಟದ ನೀರಿನಲ್ಲೂ ಸುತ್ತು ಅಲೆ ಏಳುತ್ತಿತ್ತು. ಆ ನಡುಕಕ್ಕೆ ರೆಕಾರ್ಡಿನ ಸೂಜಿ ನಿಲ್ಲದೆ, ಅವ್ವ ಮೊದಲ ಸೊಲ್ಲಿನಿಂದ ಮೂರನೆಯದಕ್ಕೆ ಜಿಗಿಯುತ್ತಿದ್ದಳು. ಅಪ್ಪ ಎರಡು ದಿನ ಅದನ್ನೇ ನೋಡಿದರು. ಆಮೇಲೆ ಮಗ್ಗದ ಒಂದು ಕಬ್ಬಿಣದ ನಟ್ಟನ್ನು ತಂದು, ನೂಲಿನಿಂದ ಸೂಜಿಯ ತೋಳಿನ ತಲೆಗೆ ಕಟ್ಟಿದರು. ಬೇರೆ ಬೇರೆ ನಟ್ಟು ಕಟ್ಟಿ ಬಿಚ್ಚಿ, ಕಿವಿ ಕೊಟ್ಟು ಕೇಳಿ, ಕೊನೆಗೊಂದನ್ನು ಒಪ್ಪಿಕೊಂಡರು. ಹಾಸಿನ ನೂಲು ಬಿಗಿಯಾಗಿರಲೆಂದು ಮಗ್ಗಕ್ಕೆ ಭಾರ ಕಟ್ಟುವವರ ಕೈ ಅದು. ಪಲ್ಲಡದಲ್ಲಲ್ಲದೆ ಇನ್ನೆಲ್ಲಿ ಯಾರಿಗೆ ಹೀಗೆ ತೋಚೀತು. ಅವ್ವ ಜಿಗಿಯುವುದನ್ನು ಬಿಟ್ಟಳು. ಸಂಜೆ ದೀಪ ಹಚ್ಚಿದ ಮೇಲೆ, ಎಲೆಯಡಿಕೆ ಹಾಕಿಕೊಂಡು, ತನ್ನ ಹಾಡನ್ನು ತಾನೇ ಕೇಳಿ "ಪರವಾಯಿಲ್ಲೆ" ಎನ್ನುತ್ತಿದ್ದಳು.

ನಾನು ಓದಿ ಕೊಯಮತ್ತೂರಿನ ಒಂದು ಪಂಪು ಕಾರ್ಖಾನೆಯ ಅಳತೆ ಕೋಣೆ ಸೇರಿದೆ. ಕೂದಲೆಳೆಯ ಹತ್ತರಲ್ಲೊಂದು ಪಾಲಿನ ವ್ಯತ್ಯಾಸಕ್ಕೆ ಮಾಲನ್ನು ಹಿಂದಕ್ಕೆ ಕಳಿಸುವ ಕೆಲಸ. ಅಲ್ಪವಿದ್ಯಾ ಮಹಾಗರ್ವಿ ಎಂಬ ಮಾತನ್ನು ಆಗಿನ ನನ್ನನ್ನು ನೋಡಿಯೇ ಹೇಳಿರಬೇಕು. ಅವ್ವ ಅಷ್ಟರಲ್ಲಿ ತೀರಿಕೊಂಡಿದ್ದಳು. ಅವಳದೆಂದು ಉಳಿದದ್ದು ಆ ತಟ್ಟೆಯೊಂದೇ. ಸೂಜಿಯ ಮೇಲೆ ಭಾರ ಹೇರಿದರೆ ತಟ್ಟೆ ಸವೆಯುತ್ತದೆ ಎಂದು ಎಲ್ಲೋ ಓದಿದ್ದೆ. ಒಂದು ಭಾನುವಾರ ಮನೆಗೆ ಬಂದವಳು ಕತ್ತರಿಯಿಂದ ನೂಲು ಕತ್ತರಿಸಿ ನಟ್ಟನ್ನು ಕಿಟಕಿಯ ಮೇಲಿಟ್ಟೆ. ಮಗ್ಗ ಓಡುವಾಗ ಹಾಕಬೇಡಿ, ರಜೆಯ ದಿನ ಮಾತ್ರ ಹಾಕಿ ಎಂದು ಅಪ್ಪಣೆ ಕೊಟ್ಟೆ.

ಅಪ್ಪ ನಟ್ಟನ್ನು ಬೆರಳಲ್ಲಿ ಹೊರಳಿಸುತ್ತ ಒಂದೇ ಮಾತು ಹೇಳಿದರು. "ಬಿಗಿಯಾಗಿರೋ ನೂಲು ಹರಿಯಾದಿಲ್ಲ ಕಣ್ಣು. ಸಡ್ಲ ಆಗಿ ಕುಣೀತದಲ್ಲ, ಅದೇ ಹರಿಯಾದು."

"ಇದು ತರಿ ಅಲ್ಲಪ್ಪ" ಎಂದೆ. ತರಿ ಎಂದರೆ ಮಗ್ಗ.

ಎರಡು ವರ್ಷದಲ್ಲಿ ಬಳೆಯ ಸದ್ದು ಹೋಯಿತು. ಮೊದಲು ಮಸುಕಾಗಿ, ಆಮೇಲೆ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂಥ ಚಟಪಟದೊಳಗೆ ಪೂರ್ತಿ ಮುಳುಗಿತು. ನಾನು ಅಪ್ಪನ ಎದುರು ನಿಂತು, ಇಷ್ಟು ವರ್ಷ ಆ ಕಬ್ಬಿಣ ಹೊರಿಸಿ ಉತ್ತು ಹಾಕಿದಿರಿ, ಅವ್ವನನ್ನು ನೀವೇ ಅಳಿಸಿದಿರಿ ಎಂದೆ. ಮನೆಗೆ ಬಂದ ನೆಂಟರ ಮುಂದೆಯೂ ಎಂದೆ. "ಇರಬಹ್ದು" ಎಂದರು. ಅಲ್ಲಿಗೆ ತಟ್ಟೆ ಹಾಕುವುದು ನಿಂತಿತು. ಸಾಯುವ ತನಕ ಅವರು ಆ ಮಾತನ್ನು ಹೊತ್ತುಕೊಂಡೇ ಇದ್ದರು, ನಾನು ಹೊರಿಸಿಯೇ ಇಟ್ಟಿದ್ದೆ.

ಈಗ ಅತ್ತೆಯ ಮಾತಿಗೆ ಪ್ಲೇಯರನ್ನು ಊಟದ ಮೇಜಿನ ಮೇಲಿಟ್ಟು, ಅಳತೆ ಕೋಣೆಯ ಶಿಸ್ತಿನಲ್ಲೇ ಕೆಲಸಕ್ಕೆ ಕೂತೆ. ರಸಮಟ್ಟ ಇಟ್ಟು ತಟ್ಟೆಯ ಪೀಠವನ್ನು ಸಮ ಮಾಡಿದೆ. ಹೊಸ ಸೂಜಿ ಹಾಕಿದೆ. ಗೆರೆ ಕೊರೆದ ಕನ್ನಡಿಯ ಬಿಲ್ಲೆಯೊಂದು ಸಿಗುತ್ತದೆ. ಅದನ್ನು ತಟ್ಟೆಯ ಜಾಗದಲ್ಲಿ ಕೂರಿಸಿ, ಅದರ ಚುಕ್ಕಿಯ ಮೇಲೆ ಸೂಜಿಯನ್ನು ಇಳಿಸಬೇಕು. ಎದುರಿನಿಂದ ಭೂತಗನ್ನಡಿ ಹಿಡಿದು ನೋಡಿದರೆ, ಸೂಜಿ ಕೂತ ಕಾರ್ಟ್ರಿಜ್ಜಿನ ಅಂಚು ಗೆರೆಗೆ ಸಮವಾಗಿರಬೇಕು, ಸೂಜಿಯೂ ಅದರ ಪ್ರತಿಬಿಂಬವೂ ಒಂದೇ ನೇರದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಎರಡು ಸಣ್ಣ ತಿರುಪು ಸಡಿಲಿಸಿ, ಉಸಿರು ಹಿಡಿದು, ಒಂದಿಷ್ಟೇ ತಳ್ಳುವುದು, ಬಿಗಿ ಮಾಡುವಾಗ ಅದು ಮತ್ತೆ ಜರುಗುತ್ತದೆ, ಮತ್ತೆ ಸಡಿಲಿಸುವುದು. ಕಾರ್ಟ್ರಿಜ್ಜು ಸ್ವಲ್ಪ ವಾರೆಯಾಗಿತ್ತು. ಅಪ್ಪನ ಕಣ್ಣಳತೆಯ ತಪ್ಪು ಸಿಕ್ಕಿತೆಂದು, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯಾಯಿತು. ಒಂದು ಗಂಟೆ ಹಿಡಿದು ಸರಿಮಾಡಿದೆ.

ಉಳಿದದ್ದು ಭಾರ. ಅದಕ್ಕೂ ಬೆರಳಗಲದ ಒಂದು ತಕ್ಕಡಿ ಇದೆ, ಸೂಜಿಯನ್ನು ಅದರ ಮೇಲಿಟ್ಟರೆ ಒತ್ತುವ ಭಾರವನ್ನು ಗ್ರಾಮಿನಲ್ಲಿ ತೋರಿಸುತ್ತದೆ. ಪೆಟ್ಟಿಗೆಯ ತಳದಲ್ಲಿ ಕಾರ್ಟ್ರಿಜ್ಜಿನ ಹಳೆಯ ಚೀಟಿ ಸಿಕ್ಕಿತು: ನಾಲ್ಕರಿಂದ ಆರು ಗ್ರಾಮು ಇರಬೇಕು, ಕಡಿಮೆಯಾದರೆ ಸೂಜಿ ತಟ್ಟೆಯ ಗೀರಿನಲ್ಲಿ ಕುಪ್ಪಳಿಸಿ ಅದರ ಗೋಡೆಯನ್ನು ಒಡೆಯುತ್ತದೆ ಎಂದು ಬರೆದಿತ್ತು. ತೋಳನ್ನು ತಕ್ಕಡಿಯ ಮೇಲಿಟ್ಟೆ. ಎರಡು ಗ್ರಾಮೂ ಇರಲಿಲ್ಲ. ತಕ್ಕಡಿ ಕೆಟ್ಟಿದೆಯೆಂದು ಪರೀಕ್ಷೆಯ ತೂಕ ಇಟ್ಟು ನೋಡಿದೆ. ಕೆಟ್ಟಿರಲಿಲ್ಲ. ತೋಳನ್ನು ಎತ್ತಿಹಿಡಿಯುವ ಸ್ಪ್ರಿಂಗು ಯಾವನೋ ಹಾಕಿದ ಬೇರೆಯದು, ಅಗತ್ಯಕ್ಕಿಂತ ಗಡುಸು. ನಮ್ಮ ಮನೆಗೆ ಬರುವ ಮೊದಲೇ ಬದಲಾಗಿದ್ದಿರಬೇಕು.

ಚೀಟಿ ಇದ್ದ ಮೂಲೆಯಲ್ಲೇ ಆ ನಟ್ಟೂ ಇತ್ತು. ಕತ್ತರಿಸಿದ ನೂಲನ್ನು ಗಂಟು ಹಾಕಿ, ಅದಕ್ಕೇ ಸುತ್ತಿ ಇಟ್ಟಿದ್ದರು. ಕಟ್ಟಿ ತೂಗಿದೆ. ಐದು ಗ್ರಾಮು.

ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಬಂದು ಮತ್ತೆ ತೂಗಿದೆ. ಮೂರು ಸಲ ಅಳೆಯುವುದು ನಮ್ಮ ಕೋಣೆಯ ನಿಯಮ. ಮೂರು ಸಲವೂ ಐದೇ.

ಮರುವಾರ ಅತ್ತೆ ಬಂದಳು. ನಟ್ಟು ಕಟ್ಟಿದ ತೋಳನ್ನು ತಟ್ಟೆಯ ಮೇಲೆ ಇಳಿಸಿದೆ. ಚಟಪಟದ ನಡುವಿನಿಂದ ಅವ್ವ ಬಂದಳು, ಅದೇ ಸಿಟ್ಟಿನ ಗಂಟಲು. ಜಿಗಿಯಲಿಲ್ಲ. ಮೂರನೇ ಸೊಲ್ಲು ಬಂದಾಗ ಅತ್ತೆಯ ತುಟಿ ಜೊತೆಗೆ ಆಡಿತು. ಹಾಡು ಮುಗಿದ ಮೇಲೆ ಅವಳು ಕೇಳಿದಳು, "ಸೊಲ್ಲು ಸಿಕ್ತು. ಬಳೆ ಎಲ್ಲೋಯ್ತು?"

"ನಾನೇ ಕಳ್ದೆ ಅತ್ತೆ" ಎಂದೆ. ನಟ್ಟು, ತಕ್ಕಡಿ, ಚೀಟಿ ಎಲ್ಲವನ್ನೂ ಹೇಳಿದೆ. ಅಪ್ಪನಿಗೆ ಅಂದದ್ದನ್ನೂ ಹೇಳಿದೆ, ಅದು ಅವಳಿಗೆ ಗೊತ್ತಿದ್ದರೂ.

ಅತ್ತೆ ನಟ್ಟನ್ನು ಮುಟ್ಟಿ ನೋಡಿದಳು. "ನಾ ಆವತ್ತೇ ಹೇಳ್ದೆ ಅಣ್ಣನ್ಗೆ, ಅದ್ನ ತಿರ್‍ಗಿ ಕಟ್ಟು, ಸೂಜಿ ಕುಣೀತೈತೆ ಅಂತ. ಅವ್ನು, ಬೇಡ, ಅವ್ಳು ಅಳತೆ ಓದಿದವ್ಳು, ಅವ್ಳು ಕೈ ಇಟ್ಟ ಕೆಲ್ಸದ್ ಮೇಲೆ ನಾ ಕೈ ಇಡ್ಬಾರ್ದು ಅಂದ. ಅವ್ನ್ಗೆ ತೆರಿಯಾದೇ ಇದ್ದೀತಾ." ಇಷ್ಟು ಹೇಳಿ ಅವಳು ಕಾಪಿ ಕೇಳಿದಳು.

ನಾನು ಕನ್ನಡ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ನಮ್ಮ ಅಳತೆ ಕೋಣೆಗೆ ಕೆಲಸಕ್ಕೆ ಬಂದ ದಾವಣಗೆರೆಯ ಹುಡುಗಿಯೊಬ್ಬಳಿಂದ. ಅದರಿಂದಲೇ ಇದನ್ನು ಬರೆಯಲು ಸಾಧ್ಯವಾಯಿತು. ಅಪ್ಪ ಇದ್ದಿದ್ದರೂ ಓದಲಾಗುತ್ತಿರಲಿಲ್ಲ. ಮನೆಯಲ್ಲಿ ಆಡುವ ಭಾಷೆಯ ಒಂದಕ್ಷರವೂ ಅವರಿಗೆ ಬರುತ್ತಿರಲಿಲ್ಲ. ಹೋದ ಬಳೆಯ ಸದ್ದನ್ನು ಯಾವ ಉಪಕರಣವೂ ತಂದುಕೊಡುವುದಿಲ್ಲ, ಅಪ್ಪನ ಮುಂದೆ ನಿಂತು ಒಂದು ಮಾತು ತಪ್ಪಾಯಿತು ಎನ್ನುವ ದಿನವನ್ನೂ. ಅಳತೆ ಕೋಣೆಯಲ್ಲಿ ಪರೀಕ್ಷಿಸಿ ಸರಿ ಎಂದು ಕಂಡ ಪ್ರತಿ ಉಪಕರಣಕ್ಕೂ ಒಂದು ಹಸಿರು ಚೀಟಿ ಅಂಟಿಸುತ್ತೇವೆ, ಅದರಲ್ಲಿ ಅಳತೆ, ಕೆಳಗೆ ಅದನ್ನು ನಿಗದಿ ಮಾಡಿದವರ ಹೆಸರು. ಅತ್ತೆಯನ್ನು ಬಸ್ಸು ಹತ್ತಿಸಿ ಬಂದು ಅಂಥದೊಂದು ಚೀಟಿಯನ್ನು ಪ್ಲೇಯರಿನ ಬದಿಗೆ ಅಂಟಿಸಿದೆ. ಐದು ಗ್ರಾಮು ಎಂದು ಬರೆದು, ಕೆಳಗೆ ಅಪ್ಪನ ಹೆಸರನ್ನು, ಅವರಿಗೆ ಓದಲು ಬರುತ್ತಿದ್ದ ತಮಿಳಿನಲ್ಲಿ ಬರೆದೆ.