ಬೆರಳಿನ ಹಿಂದೆ ಹೋಗದ ಕಣ್ಣು

ನನ್ನ ಸಿಟ್ಟು ಮೂಗಿನ ತುದಿಯ ಮೇಲೆ ಇರುತ್ತದೆ ಎಂದು ನಮ್ಮವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ. ಭಾಲ್ಕಿಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಒಂದು ಚಳಿಗಾಲದಲ್ಲಿ ಚಿಂತಾಕಿಯಿಂದ ಭಾಲ್ಕಿಗೆ ಸ್ಕೂಟಿಯ ಮೇಲೆ ಬರುತ್ತಿದ್ದೆವು. ಔರಾದ್ ದಾಟಿದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ಅದಕ್ಕೆ ಎರಡು ಟ್ರಾಲಿ, ಮೇಲೆ ಕಿವಿ ಕಿತ್ತುಹೋಗುವಂಥ ಹಾಡು. ಹಿಂದೆ ಕುಳಿತಿದ್ದವಳು ನನ್ನ ಅಣ್ಣನ ಮಗಳು, ನಮ್ಮ ಮನೆಯಲ್ಲಿದ್ದು ಪಿಯುಸಿ ಓದುವ ಹುಡುಗಿ. "ಅತ್ತಿ, ನಿಂದ್ರು. ಅದು ಹೋಗ್ಲಿ," ಎಂದಳು. ನಾನು ನಿಲ್ಲಲಿಲ್ಲ. ಹಾರ್ನ್ ಹೊಡೆದು ಪಕ್ಕದಿಂದ ನುಗ್ಗಿದೆ. ಹಿಂದಿನ ಟ್ರಾಲಿ ಗುಂಡಿಗೆ ಇಳಿದು ವಾಲಿತು, ಕಬ್ಬು ನಮ್ಮ ಮೇಲೆ ಬಿತ್ತು.

ನನ್ನ ಮೊಣಕಾಲು ತರಚಿತು, ಅವಳ ಎಡಗೈ ಮುರಿಯಿತು. ಕೈ ಒಂದೂವರೆ ತಿಂಗಳಿಗೆ ಕೂಡಿಕೊಂಡಿತು. ಆದರೆ ಹುಡುಗಿ ಮೊದಲಿನಂತಾಗಲಿಲ್ಲ. ದೂರದಲ್ಲಿ ಟ್ರ್ಯಾಕ್ಟರಿನ ಹಾಡು ಕೇಳಿದರೆ ಸಾಕು, ಓದುತ್ತಿದ್ದ ಪುಸ್ತಕ ಬಿಟ್ಟು ಒಳಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ಕಾಲೇಜಿಗೆ ನಡೆದೇ ಹೋಗುತ್ತಿದ್ದಳು. ಅಂಗಳದಲ್ಲಿ ನಿಂತ ಸ್ಕೂಟಿಯನ್ನು ಸುತ್ತು ಹಾಕಿ ದಾಟುತ್ತಿದ್ದಳು. ಆರು ವರ್ಷದವಳಿದ್ದಾಗಿನಿಂದ ನನ್ನ ಹಿಂದೆ ಕುಳಿತು ದಾರಿಯುದ್ದಕ್ಕೂ ವಟವಟ ಎನ್ನುತ್ತಿದ್ದವಳು ಅವಳು. ಬಾಯಿಗೆ ಬಿಡುವು ಕೊಡು ಮಾರಾಯ್ತಿ ಎಂದು ಎಷ್ಟು ಸಲ ಗದರಿದ್ದೆನೋ. ಈಗ ಆ ವಟವಟ ಬೇಕಾಗಿತ್ತು. ಅವಳು ನಿಲ್ಲು ಎಂದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಇನ್ನೊಮ್ಮೆ ನನ್ನನ್ನು ನಂಬಿ ಹಿಂದೆ ಕುಳಿತುಕೊಳ್ಳುತ್ತಾಳೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅವ್ವನಿಗೆ ಅವಳದೇ ಮದ್ದು ಇತ್ತು. ನಮ್ಮಲ್ಲಿ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಕೂಡಬೇಕು. ಹುಡುಗಿಯ ಕೈ ನಡುಗಿದರೆ ಅವ್ವ ಕೆಳಗಿನಿಂದ ತನ್ನ ಕೈ ಆಸರೆ ಕೊಡುತ್ತಿದ್ದಳು. "ಕಣ್ಣು ನಿಂತ್ರ ಮನಸ್ಸು ನಿಲ್ತದವಾ. ಅಲುಗಾಡಿಸಬ್ಯಾಡ," ಎನ್ನುತ್ತಿದ್ದಳು. ಹುಡುಗಿ ನೋಡುತ್ತಿದ್ದಳು, ನೋಡುತ್ತ ನೋಡುತ್ತ ಬೆವರುತ್ತಿದ್ದಳು.

ಕೊನೆಗೆ ಬೀದರಿನಲ್ಲಿ ಮಕ್ಕಳ ಮನಸ್ಸಿನ ಡಾಕ್ಟರೊಬ್ಬರು ಇದ್ದಾರೆಂದು ಶಾಲೆಯಲ್ಲಿ ಯಾರೋ ಹೇಳಿದರು. ರೈಲಿನಲ್ಲಿ ಹೋದೆವು, ಹಳಿಯ ಮೇಲೆ ಕಬ್ಬಿನ ಟ್ರಾಲಿ ಬರುವುದಿಲ್ಲವಲ್ಲ. ಡಾಕ್ಟರು ನನಗಿಂತ ಚಿಕ್ಕ ಹೆಣ್ಣುಮಗಳು. ಮೊದಲ ಎರಡು ಸಲ ಬರೀ ಮಾತಾಡಿಸಿದರು. ಮೂರನೆಯ ಸಲ ವಿವರಿಸಿದರು: ಹೆದರಿಸಿದ ಘಟನೆಯನ್ನು ಸ್ವಲ್ಪ ಸ್ವಲ್ಪ ನೆನೆಯುತ್ತ, ಎಡಕ್ಕೂ ಬಲಕ್ಕೂ ಹೋಗುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ನೆನಪು ಅಳಿಯುವುದಿಲ್ಲ, ಅದರ ಕಾಟ ಕಡಿಮೆಯಾಗುತ್ತದೆ. ಅತ್ತಿಯೂ ಇರಲಿ ಎಂದು ಹುಡುಗಿ ಹೇಳಿದ್ದರಿಂದ ನಾನು ಮೂಲೆಯ ಕುರ್ಚಿಯಲ್ಲಿದ್ದೆ.

ಡಾಕ್ಟರು ಎರಡು ಬೆರಳು ಎತ್ತಿ ಆಡಿಸಿದರು. ಬೆರಳು ಹೋಯಿತು, ಕಣ್ಣು ಹೋಗಲಿಲ್ಲ.

"ಬೆರಳು ಹೋದ ಕಡಿ ನೋಡವಾ."

"ನೋಡ್ಲಿಕತ್ತೇನ್ರಿ," ಎಂದಳು ಹುಡುಗಿ. ಕಣ್ಣು ಬೆರಳು ಮೊದಲಿದ್ದ ಜಾಗದಲ್ಲೇ ನೆಟ್ಟಿತ್ತು, ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ. ಕಣ್ಣಿನ ತಪಾಸಣೆ ಆಗಿದೆಯಾ ಎಂದು ಡಾಕ್ಟರು ನನ್ನನ್ನು ಕೇಳಿದರು. ನನಗೆ ತಟ್ಟನೆ ಹೊಳೆದು ನಗು ಬಂತು, ಎಷ್ಟೋ ತಿಂಗಳ ಮೇಲೆ. "ಇದು ನಮ್ಮವ್ವನ ಶಿಸ್ತು ನೋಡ್ರಿ," ಎಂದು ಪೂಜೆಯ ವಿಷಯ ಹೇಳಿದೆ. ಹುಡುಗಿಯೂ ನಕ್ಕಳು, ಡಾಕ್ಟರೂ ನಕ್ಕರು.

"ಹಾಂಗಾದ್ರ ಕಣ್ಣಿಗಿ ಇವತ್ತು ಸೂಟಿ ಕೊಡೂಣು. ಕೈ ಮಣಕಾಲ ಮ್ಯಾಲ ಇಡು, ತಟ್ಟಿದ್ರೂ ಅದೇ ಕೆಲಸ ಆಗ್ತದ," ಎಂದು ಅವಳ ಕೈಗಳ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೆಲ್ಲಗೆ ತಟ್ಟತೊಡಗಿದರು. ಸ್ವಲ್ಪ ಹೊತ್ತಿಗೆ ಹುಡುಗಿಯ ಕಣ್ಣಲ್ಲಿ ನೀರು ಬಂತು. "ನಾ ನಿಂದ್ರು ಅಂದಿದ್ದೆ," ಎಂದಳು.

ಮರಳುವ ರೈಲಿನಲ್ಲಿ ಬಾಯಿಬಿಟ್ಟೆ. "ತಪ್ಪು ನಂದೇ ಅದವಾ."

ಅವಳು ಕೈಯಲ್ಲಿದ್ದ ಪೇರಲ ಹಣ್ಣನ್ನು ಮುರಿದು ಅರ್ಧ ಕೊಟ್ಟಳು. "ಗೊತ್ತದತ್ತಿ. ತಿನ್ನು."

ಮುಂದಿನ ಸಲಗಳಲ್ಲಿ ಕಣ್ಣೂ ಬೆರಳಿನ ಹಿಂದೆ ಹೋಗಲು ಕಲಿಯಿತು. ಅವ್ವನಿಗೆ ಇದು ಸರಿಬರಲಿಲ್ಲ. "ಕಣ್ಣು ಓಡಿದ್ರ ಮನಸ್ಸೂ ಓಡ್ತದಲ್ಲ?" ಎಂದು ಮೊಮ್ಮಗಳನ್ನು ಕೇಳಿದಳು.

"ಓಡ್ಲಿ ಆಯಿ. ದಣದು ಮನಿಗಿ ಬರ್ತದ."

ಅವ್ವ ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು. "ಬರ್ಲಿ. ರೊಟ್ಟಿ ಮಾಡಿಟ್ಟಿರ್ತೇನಿ," ಎಂದಳು.

ಟ್ರ್ಯಾಕ್ಟರಿನ ಹಾಡಿಗೆ ಕದ ಹಾಕಿಕೊಳ್ಳುವುದು ನಿಧಾನವಾಗಿ ಕಡಿಮೆಯಾಯಿತು. ಪೂಜೆಗೆ ಕೂತಾಗ ಬೆವರುವುದೂ ನಿಂತಿತು. ಸ್ಕೂಟಿಯ ಮಾತನ್ನು ಮಾತ್ರ ನಾನು ಎತ್ತಲಿಲ್ಲ. ಮುಂದಿನ ಕಬ್ಬಿನ ಹಂಗಾಮಿನಲ್ಲಿ ಒಂದು ಬೆಳಗ್ಗೆ ಅವಳೇ ಚಾವಿ ತಂದು ನನ್ನ ಕೈಗಿಟ್ಟಳು. "ನಡಿ, ಕಾಲೇಜಿಗಿ ಬಿಡು." ಹಿಂದೆ ಕುಳಿತಳು. ನಾನು ಬಾಯಿ ಮುಚ್ಚಿಕೊಂಡು, ಎತ್ತಿನ ಗಾಡಿಯೂ ನಾಚುವಷ್ಟು ನಿಧಾನ ಹೊರಟೆ.

ತಿರುವಿನಲ್ಲಿ ಹಾಡು ಕೇಳಿಸಿತು. ಎದುರಿಗೆ ಎರಡು ಟ್ರಾಲಿ, ತುಂಬ ಕಬ್ಬು. ಈ ಸಲ ಯಾರೂ ಹೇಳುವ ಮೊದಲೇ ನಾನು ಗಾಡಿಯನ್ನು ಬದಿಗೆ ಹಾಕಿ ನಿಂತೆ. ಅಷ್ಟರಲ್ಲಿ ನನ್ನ ಭುಜಗಳ ಮೇಲೆ ಅವಳ ಕೈ ತಟ್ಟತೊಡಗಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಾನು ಎಂಜಿನ್ ಆರಿಸಿದೆ.

"ಘಾಬರಿ ಆಗ್ಲಿಕತ್ತದೇನವಾ? ಇಳಿ, ನಡಕೋತ ಹೋಗೂಣು."

"ನನಗಲ್ಲತ್ತಿ. ನಿನ್ನ ಕೈ ನೋಡ್ಕೋ."

ನೋಡಿಕೊಂಡೆ. ಹ್ಯಾಂಡಲ್ ಹಿಡಿದ ನನ್ನ ಎರಡೂ ಕೈ ಗಡಗಡ ನಡುಗುತ್ತಿದ್ದವು. ಟ್ರಾಲಿ ದಾಟಿ ಹಾಡು ದೂರವಾಗುವವರೆಗೂ ಅವಳು ತಟ್ಟುತ್ತಲೇ ಇದ್ದಳು.