ಬ್ಲಾಗ್ ಬದಲಿಸಿದ ಔಷಧ ಅಂಗಡಿಯವರು

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಔಷಧ ಅಂಗಡಿಯವರು ಟಿವಿಯ ಧ್ವನಿ ಪೂರ್ತಿ ನಿಲ್ಲಿಸಿ ಕಬಡ್ಡಿ ನೋಡುತ್ತಿದ್ದರು. "ಕಣ್ಣಿಗೆ ಕಂಡದ್ದು ಬರೀಬೇಕ್ರಿ, ಕಿವಿಗೆ ಬಿದ್ದದ್ದಲ್ಲ" ಎನ್ನುವುದು ಅವರ ಮಾತು. ಪಂದ್ಯ ಮುಗಿದೊಡನೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದೇ ಬೆರಳಿನಲ್ಲಿ ಆಟದ ಬಗ್ಗೆ ತಮ್ಮ ಬ್ಲಾಗಿಗೆ ಬರೆಯುತ್ತಿದ್ದರು. ಅದನ್ನು ತಪ್ಪದೆ ಓದಿ ಕೆಳಗೆ ತಕರಾರು ಬರೆಯುತ್ತಿದ್ದವರು ದೇವದುರ್ಗದ ಒಬ್ಬ ನಿವೃತ್ತ ಶಿಕ್ಷಕಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಹಳೆಯ ಸಾಫ್ಟ್‌ವೇರ್ ನಿಧಾನವೆಂದು ಅಂಗಡಿಯವರು ಬ್ಲಾಗನ್ನು ಹೊಸದಕ್ಕೆ ಸಾಗಿಸಿದರು. ಅವರ ಬರಹಗಳೆಲ್ಲ ಬಂದವು, ಓದುಗರ ಟಿಪ್ಪಣಿಗಳು ಮಾತ್ರ ಅಳಿಸಿಹೋದವು. ಮರುದಿನ ಅಂಗಡಿಯಲ್ಲಿ ಮಂಕಾಗಿ ಕುಳಿತಿದ್ದರು.

"ದೇವದುರ್ಗದ ಅಕ್ಕೋರ ಮಾತಿಗೆ ಉತ್ತರ ಕೊಡಾಕಂತನ ನಾ ಬರಿಯಾಕತ್ತಿದ್ದೆ" ಎಂದರು.

ಆದದ್ದನ್ನು ಎದುರಿಗೇ ಹೇಳಬೇಕೆಂದು ಶಿಕ್ಷಕಿಗೆ ಇಮೇಲ್ ಬರೆದು ವಿಳಾಸ ತರಿಸಿಕೊಂಡರು. ನನ್ನನ್ನೂ ಕರೆದುಕೊಂಡು ದೇವದುರ್ಗದ ಬಸ್ ಹತ್ತಿದರು. ಬಾಗಿಲು ತೆರೆದ ಶಿಕ್ಷಕಿಗೆ ಕೈಮುಗಿದರು.

"ತಪ್ಪಾತ್ರಿ ಅಕ್ಕೋರ, ನೀವು ಬರ್ದದ್ದೆಲ್ಲಾ ಹೋತು."

"ಹೋದ್ರ ಹೋಗ್ಲಿ ಬಿಡ್ರಿ. ಒಳಗ ಬರ್ರಿ, ಮ್ಯಾಚ್ ಶುರು ಆಗಾಕತ್ತದ."

ಪಂದ್ಯ ಮುಗಿಯುವವರೆಗೂ ಇಬ್ಬರೂ ಪ್ರತಿಯೊಂದು ಅಂಕಕ್ಕೂ ಜಗಳವಾಡಿದರು. ಮರಳುವಾಗ, ಇವತ್ತಿನ ಆಟದ ಬಗ್ಗೆ ಬರೆಯುವುದಿಲ್ಲವೇ ಎಂದು ಕೇಳಿದೆ.

"ಯಾರಿಗಂತ ಬರೀಲಿ?" ಎಂದರು. "ಎಲ್ಲಾ ಅಲ್ಲೇ ಮಾತಾಡಿ ಬಂದ್ವಲ್ಲ."